ಕೆಂಧೂಳಿನ ನಾಡಿಗೆ ಒಣಕೋಣೆ ಬಂದರೆ

ಎಲೆಕ್ಟ್ರಿಕ್ ಗಾಡಿಗಳ ಬ್ಯಾಟರಿ ಸೆಲ್ ತಯಾರಾಗುವ ಕಾರ್ಖಾನೆಯೊಳಗೆ ಕಬ್ಬಿಣದ ಒಂದು ಕಣವೂ ಸೇರಬಾರದು. ಸೆಲ್ಲಿನಲ್ಲಿ ಕ್ಯಾಥೋಡ್ ಮತ್ತು ಆನೋಡ್ ಎಂಬ ಎರಡು ಪದರಗಳನ್ನು ಬೇರೆಯಾಗಿಡುವ ಒಂದು ಪೊರೆ ಇರುತ್ತದೆ. ಅದರ ದಪ್ಪ 10ರಿಂದ 20 ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ತೆಳು. ಕ್ಯಾಥೋಡಿನ ಮೇಲೆ ಕಬ್ಬಿಣದ ಚೂರೊಂದು ಕೂತುಬಿಟ್ಟರೆ ಚಾರ್ಜ್ ಮಾಡುವಾಗ ಅದು ಕರಗುತ್ತದೆ, ಆಚೆ ಬದಿಗೆ ಸಾಗಿ ಮತ್ತೆ ಲೋಹವಾಗಿ ಬೆಳೆಯುತ್ತದೆ, ಬೆಳೆಯುತ್ತ ಬೆಳೆಯುತ್ತ ಪೊರೆಯನ್ನು ತೂರುತ್ತದೆ. ಆಮೇಲೆ ಆಗುವುದು ಒಳಗಿನ ಶಾರ್ಟ್ ಸರ್ಕ್ಯೂಟ್. ರಸ್ತೆಯಲ್ಲಿ ನಿಂತ ಸ್ಕೂಟರ್ ಹೊತ್ತಿ ಉರಿಯುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಅದಕ್ಕೇ ಬ್ಯಾಟರಿಗೆ ಬಳಸುವ ಪುಡಿಗಳನ್ನು ಶಕ್ತಿಶಾಲಿ ಅಯಸ್ಕಾಂತಗಳ ನಡುವೆ ಹಾಯಿಸುತ್ತಾರೆ. ಉಳಿದ ಲೋಹದ ಅಂಶವನ್ನು ನೂರು ಕೋಟಿ ಭಾಗದಲ್ಲಿ ಎಷ್ಟು ಭಾಗ ಎಂದು ಅಳೆಯುತ್ತಾರೆ.

ನಾನು ಇದನ್ನು ಬರೆಯುತ್ತಿರುವುದು ಬಳ್ಳಾರಿ ಜಿಲ್ಲೆಯಿಂದ. ಅದಿರಿನ ಲಾರಿ ಓಡಾಡುವ ದಾರಿಯ ಪಕ್ಕದ ಊರುಗಳಲ್ಲಿ ಬೇವಿನ ಎಲೆ ಮಳೆ ಬಂದಾಗ ಮಾತ್ರ ಹಸಿರು. ಉಳಿದ ದಿನಗಳಲ್ಲಿ ಅದಕ್ಕೆ ಮಣ್ಣಿನ ಬಣ್ಣ. ಸಂಡೂರಿನಿಂದ ತೋರಣಗಲ್ಲಿನವರೆಗೆ ಹಗ್ಗದ ಮೇಲೆ ಒಣಹಾಕಿದ ಬಿಳಿ ಅಂಗಿ ಸಂಜೆಗೆ ಬಿಳಿ ಉಳಿಯುವುದಿಲ್ಲ. ಮನೆ ಮುಂದಿನ ತುಳಸಿ, ಶಾಲೆಯ ಕಿಟಕಿ, ಹೊಲದ ಮೆಣಸಿನಗಿಡ, ಕುಡಿಯುವ ನೀರಿನ ಕೊಡದ ಅಂಚು, ಎಲ್ಲದರ ಮೇಲೂ ಕಬ್ಬಿಣ. ನಮ್ಮ ಎದೆಯೊಳಗೂ ಅದೇ.

ಈ ಎರಡು ಸಂಗತಿಗಳು ಬಹಳ ದಿನದಿಂದ ನನ್ನ ತಲೆಯಲ್ಲಿ ಅಕ್ಕಪಕ್ಕ ಕೂತಿವೆ. ನಾನು ಡಿಪ್ಲೊಮಾ ಮಕ್ಕಳಿಗೆ ಎಲೆಕ್ಟ್ರಿಕಲ್ ಪಾಠ ಹೇಳುವವನು. ತರಗತಿಯಲ್ಲಿ ಈಗ ಮೋಟಾರಿಗಿಂತ ಬ್ಯಾಟರಿಯ ಬಗ್ಗೆ ಪ್ರಶ್ನೆ ಜಾಸ್ತಿ. "ಸರ್, ನಮ್ಮ ಕಡೆನೂ ಬ್ಯಾಟರಿ ಫ್ಯಾಕ್ಟರಿ ಬರ್ತೈತೇನ್ರಿ?" ಎಂದು ಯಾರಾದರೂ ಒಬ್ಬರು ಪ್ರತಿ ವರ್ಷ ಕೇಳುತ್ತಾರೆ. ಬರಲಿ ಎಂದು ನಾನೂ ಮನಸಾರೆ ಬಯಸುತ್ತೇನೆ. ಆದರೆ ಬರುವುದಾದರೆ ಹೇಗೆ ಬರಬೇಕು ಎಂಬುದನ್ನು ಅವರು ಬರುವ ಮೊದಲೇ ನಾವು ಹೇಳಬೇಕು. ಶಂಕುಸ್ಥಾಪನೆಯ ಶಾಮಿಯಾನ ಎದ್ದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ.

ಮೊದಲು ಒಳಗೆ ಏನು ನಡೆಯುತ್ತದೆ ಎಂದು ನೋಡೋಣ. ಅದು ತಿಳಿಯದೆ ಬೇಕು ಬೇಡ ಎಂದು ಜಗಳವಾಡಿ ಉಪಯೋಗವಿಲ್ಲ.

ಕಪ್ಪು ಪುಡಿ, ಅಂಟು, ದ್ರಾವಕ ಸೇರಿಸಿ ದೊಡ್ಡ ಪಾತ್ರೆಗಳಲ್ಲಿ ಕಲಸುತ್ತಾರೆ. ದೋಸೆ ಹಿಟ್ಟಿನ ಹದಕ್ಕೆ ಬಂದ ಆ ಕಲಕನ್ನು ಆನೋಡ್ ಆದರೆ ತಾಮ್ರದ ಹಾಳೆಯ ಮೇಲೆ, ಕ್ಯಾಥೋಡ್ ಆದರೆ ಅಲ್ಯೂಮಿನಿಯಂ ಹಾಳೆಯ ಮೇಲೆ ತೆಳ್ಳಗೆ ಬಳಿಯುತ್ತಾರೆ. ಹಾಳೆ ಉದ್ದನೆಯ ಒಲೆಯೊಳಗೆ ಓಡುತ್ತ ಒಣಗುತ್ತದೆ. ಆಮೇಲೆ ರೋಲರುಗಳ ನಡುವೆ ಒತ್ತಿ, ಸೀಳಿ, ನಡುವೆ ಪೊರೆಯಿಟ್ಟು ಸುತ್ತುತ್ತಾರೆ ಅಥವಾ ಒಂದರ ಮೇಲೊಂದು ಜೋಡಿಸುತ್ತಾರೆ. ಡಬ್ಬಿಯೊಳಗಿಟ್ಟು ಎಲೆಕ್ಟ್ರೋಲೈಟ್ ಎಂಬ ದ್ರವ ತುಂಬುತ್ತಾರೆ. ಕೊನೆಗೆ ಮೊದಲ ಚಾರ್ಜು, ಮೊದಲ ಡಿಸ್ಚಾರ್ಜು. ಇದಕ್ಕೆ ಫಾರ್ಮೇಷನ್ ಎನ್ನುತ್ತಾರೆ. ಆನೋಡಿನ ಮೇಲೆ ಒಂದು ರಕ್ಷಣೆಯ ಪದರ ಕೂರುವುದು ಈ ಹಂತದಲ್ಲೇ, ಸೆಲ್ಲು ಎಷ್ಟು ವರ್ಷ ಬಾಳುತ್ತದೆ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುವುದೂ ಇಲ್ಲೇ. ಆಮೇಲೆ ಸೆಲ್ಲುಗಳನ್ನು ಕಪಾಟುಗಳಲ್ಲಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಇಟ್ಟು, ವೋಲ್ಟೇಜು ಇಳಿಯುವ ಸೆಲ್ಲುಗಳನ್ನು ಬೇರ್ಪಡಿಸುತ್ತಾರೆ. ಕಬ್ಬಿಣದ ಕಣ ಸೇರಿಬಿಟ್ಟ ಸೆಲ್ಲುಗಳು ಹಲವು ಸಲ ಸಿಕ್ಕಿಬೀಳುವುದು ಈ ಕಪಾಟಿನಲ್ಲಿ.

ಇಡೀ ಕಾರ್ಖಾನೆಯ ಜೀವ ಇರುವುದು ಒಣಕೋಣೆಯಲ್ಲಿ. ಎಲೆಕ್ಟ್ರೋಲೈಟಿನಲ್ಲಿ ಕರಗಿರುವ ಲಿಥಿಯಂ ಲವಣಕ್ಕೆ ನೀರಿನ ಆವಿ ತಾಗಿದರೆ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ. ಅದು ಸೆಲ್ಲನ್ನೂ ತಿನ್ನುತ್ತದೆ, ಮನುಷ್ಯನನ್ನೂ. ಹಾಗಾಗಿ ಈ ಕೋಣೆಯ ಗಾಳಿಯ ಇಬ್ಬನಿ ಬಿಂದುವನ್ನು, ಎಂದರೆ ಗಾಳಿಯ ಆವಿ ಹನಿಗಟ್ಟತೊಡಗುವ ಉಷ್ಣತೆಯನ್ನು, ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗೆ, ಕೆಲವೆಡೆ ಇನ್ನೂ ಕೆಳಗೆ ಇಟ್ಟಿರುತ್ತಾರೆ. ಅಂದರೆ ಗಾಳಿಯಲ್ಲಿ ತೇವ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಎಷ್ಟು ಜನ ನಿಲ್ಲಬಹುದು ಎಂಬುದಕ್ಕೂ ಲೆಕ್ಕ ಇದೆ, ಏಕೆಂದರೆ ಒಬ್ಬ ಮನುಷ್ಯನ ಉಸಿರು ಮತ್ತು ಬೆವರಿನಿಂದ ಗಂಟೆಗೆ ಸುಮಾರು 100 ಗ್ರಾಂ ನೀರು ಗಾಳಿ ಸೇರುತ್ತದೆ. ಕೆಲಸಗಾರರ ಉಸಿರನ್ನು ಕೂಡ ಗ್ರಾಂ ಲೆಕ್ಕದಲ್ಲಿ ಅಳೆದು, ಅದಕ್ಕೆ ತಕ್ಕ ಯಂತ್ರ ಕೂರಿಸುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮೂರಿನಲ್ಲಿ ಹಗಲಿರುಳೂ ಇಂಥ ಕೋಣೆ ನಡೆಸುವುದಕ್ಕೆ ಬೇಕಾಗುವ ವಿದ್ಯುತ್ತು ಅಪಾರ. ಆದರೂ ನಡೆಸುತ್ತಾರೆ. ಸೆಲ್ಲು ಕೆಟ್ಟರೆ ಹಣ ಹೋಗುತ್ತದೆ, ಅದಕ್ಕೆ.

ನಾನು ಹೇಳಬೇಕೆಂದಿರುವ ಮಾತು ಇರುವುದು ಇಲ್ಲಿ. ಗಾಳಿಯಲ್ಲಿರುವ ಧೂಳಿನ ಒಂದೊಂದು ಕಣವನ್ನು ಎಣಿಸುವುದು, ತೇವವನ್ನು ಕ್ಷಣಕ್ಷಣಕ್ಕೆ ಅಳೆಯುವುದು, ಅಳತೆ ಮೀರಿದ ಕೂಡಲೇ ಕೆಲಸ ನಿಲ್ಲಿಸುವುದು ಸಾಧ್ಯ ಎಂದು ಬ್ಯಾಟರಿ ಕಾರ್ಖಾನೆ ದಿನವೂ ತೋರಿಸುತ್ತದೆ. ಗೋಡೆಯ ಒಳಗೆ ಸೆಲ್ಲಿಗಾಗಿ ಇಷ್ಟು ಮಾಡಬಲ್ಲವರು ಗೋಡೆಯ ಹೊರಗೆ ಜನರಿಗಾಗಿ ಅದರ ಒಂದು ಪಾಲನ್ನಾದರೂ ಮಾಡಬೇಕು. "ಧೂಳು ತಡೆಯೋಕ್ಕೆ ಆಗಲ್ಲ, ಇದು ಇಂಡಸ್ಟ್ರಿ ಏರಿಯಾ" ಎಂಬ ಉತ್ತರವನ್ನು ನಮ್ಮ ಊರುಗಳು ಇಷ್ಟು ವರ್ಷ ಕೇಳಿವೆ. ಒಣಕೋಣೆ ಕಟ್ಟಬಲ್ಲ ಯಾವ ಕಂಪನಿಯ ಬಾಯಲ್ಲೂ ಆ ಉತ್ತರ ನಿಲ್ಲುವುದಿಲ್ಲ.

ಬ್ಯಾಟರಿ ನಮಗೆ ಹೊರಗಿನದೇನೂ ಅಲ್ಲ ಎಂಬುದನ್ನೂ ಹೇಳಬೇಕು. ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣದ ಜೊತೆ ಮ್ಯಾಂಗನೀಸ್ ಇದೆ. ಅಜ್ಜಂದಿರ ಕಾಲದ ಟಾರ್ಚಿನ ಸೆಲ್ಲುಗಳಲ್ಲಿ ತುಂಬಿರುತ್ತಿದ್ದ ಕರಿ ಪುಡಿ ಮ್ಯಾಂಗನೀಸ್ ಡೈ ಆಕ್ಸೈಡ್. ಈಗಿನ ಕಾರುಗಳ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಬ್ಯಾಟರಿಯಲ್ಲೂ ಅದೇ ಲೋಹಕ್ಕೆ ಪಾಲಿದೆ. ನಮ್ಮ ದೇಶದ ಸ್ಕೂಟರು, ಆಟೊ, ಬಸ್ಸುಗಳಲ್ಲಿ ಹೆಚ್ಚುತ್ತಿರುವ ಇನ್ನೊಂದು ಬಗೆಯಲ್ಲಿ ಕ್ಯಾಥೋಡ್ ಲಿಥಿಯಂ ಐರನ್ ಫಾಸ್ಫೇಟಿನದು. ಅದರಲ್ಲಿ ಕಬ್ಬಿಣವೇ ಮುಖ್ಯ. 60 ಕಿಲೋವಾಟ್ ಅವರ್‌ನ ಒಂದು ಕಾರಿನ ಬ್ಯಾಟರಿಗೆ ಲೆಕ್ಕ ಹಾಕಿದರೆ ಸುಮಾರು 40 ಕೆಜಿ ಕಬ್ಬಿಣ, ಐದಾರು ಕೆಜಿ ಲಿಥಿಯಂ ಬೇಕು. ಅಣುರೂಪದಲ್ಲಿ, ಫಾಸ್ಫೇಟಿನ ಜೊತೆ ಬೆಸೆದುಕೊಂಡಾಗ ಸೆಲ್ಲಿನ ಜೀವವಾಗುವ ಕಬ್ಬಿಣವೇ ಲೋಹದ ಚೂರಾಗಿ ಬಂದಾಗ ಸೆಲ್ಲಿನ ಸಾವು. ಇದನ್ನು ತರಗತಿಯಲ್ಲಿ ಹೇಳುವಾಗ ಪ್ರತಿ ಸಲವೂ ಮಕ್ಕಳು ಪುಸ್ತಕದಿಂದ ತಲೆಯೆತ್ತಿ ನೋಡುತ್ತಾರೆ. ಅದಿರು ಅಗೆಯುವ ಮನೆಗಳ ಮಕ್ಕಳಿಗೆ ಈ ಮಾತು ಬೇಗ ಹಿಡಿಸುತ್ತದೆ.

ಆದರೆ 40 ಕೆಜಿ ಎಂಬುದು ಎಷ್ಟು ಕಡಿಮೆ ಎಂದೂ ನೋಡಬೇಕು. ಒಂದು ಲಾರಿ ಅದಿರಿನಲ್ಲಿರುವ ಕಬ್ಬಿಣ ನೂರಾರು ಕಾರುಗಳ ಬ್ಯಾಟರಿಗೆ ಸಾಕು. ಬ್ಯಾಟರಿಗೆ ಬೇಕಾದ ಕಬ್ಬಿಣಕ್ಕೆ ಗುಡ್ಡ ಅಗೆಯುವ ಅಗತ್ಯವಿಲ್ಲ, ಶುದ್ಧ ಮಾಡುವ ವಿದ್ಯೆ ಬೇಕು. ಇಲ್ಲಿ ಬೆಲೆ ಇರುವುದು ಮಣ್ಣಿಗಲ್ಲ, ಕೈಗುಣಕ್ಕೆ.

ಆನೋಡಿನ ಕಥೆ ಇನ್ನೂ ಹತ್ತಿರದ್ದು. ಲಿಥಿಯಂ ಅಯಾನ್ ಬ್ಯಾಟರಿಗಾಗಿ 2019ರಲ್ಲಿ ಜಾನ್ ಗುಡ್‌ಇನಫ್, ಸ್ಟಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೋ ಮೂವರಿಗೂ ರಸಾಯನ ಶಾಸ್ತ್ರದ ನೊಬೆಲ್ ಬಂತು. ಅವರಲ್ಲಿ ಯೋಶಿನೋ 1985ರಲ್ಲಿ ಆನೋಡಿಗೆ ಬಳಸಿದ್ದು ಪೆಟ್ರೋಲಿಯಂ ಕೋಕ್, ಎಣ್ಣೆ ಸಂಸ್ಕರಣೆಯ ಕೊನೆಗೆ ಉಳಿಯುವ ಇದ್ದಿಲು. 1991ರಲ್ಲಿ ಸೋನಿ ಕಂಪನಿ ಮೊದಲ ಬ್ಯಾಟರಿ ಮಾರಿತು. ಆಮೇಲೆ ಆನೋಡಿನ ಜಾಗಕ್ಕೆ ಗ್ರಾಫೈಟ್ ಬಂದು ಗಟ್ಟಿಯಾಗಿ ನಿಂತಿತು. ಒಂದು ಕಾರಿಗೆ ಹತ್ತಾರು ಕೆಜಿ ಗ್ರಾಫೈಟ್ ಬೇಕು, ಲಿಥಿಯಂಗಿಂತ ಎಷ್ಟೋ ಪಟ್ಟು ಹೆಚ್ಚು. ಜಗತ್ತಿನ ಆನೋಡ್ ಗ್ರಾಫೈಟಿನಲ್ಲಿ ಬಹುಪಾಲು ತಯಾರಾಗುವುದು ಚೀನಾದಲ್ಲಿ. ಅದರ ರಫ್ತಿಗೆ ಪರವಾನಗಿ ಬೇಕೆಂದು ಆ ದೇಶ 2023ರ ಡಿಸೆಂಬರಿನಲ್ಲಿ ನಿಯಮ ತಂದಾಗ ಬ್ಯಾಟರಿ ಮಾಡುವ ಎಲ್ಲ ದೇಶಗಳೂ ಬೆಚ್ಚಿದವು.

ಈ ಗ್ರಾಫೈಟಿನ ಒಂದು ದಾರಿ ನಮ್ಮ ತೋರಣಗಲ್ಲಿನಿಂದ ಹೊರಡುತ್ತದೆ. ಉಕ್ಕು ಮಾಡಲು ಕೋಕ್ ಬೇಕು. ಕಲ್ಲಿದ್ದಲನ್ನು ಗಾಳಿಯಾಡದ ಒಲೆಯಲ್ಲಿ ಬೇಯಿಸಿದಾಗ ಕೋಕಿನ ಜೊತೆ ಟಾರು ಬರುತ್ತದೆ, ಒಂದು ಟನ್ ಕಲ್ಲಿದ್ದಲಿಗೆ 30-40 ಕೆಜಿ. ಆ ಟಾರನ್ನು ಬಟ್ಟಿ ಇಳಿಸಿ, ಸಂಸ್ಕರಿಸಿ, 3,000 ಡಿಗ್ರಿಯ ಹತ್ತಿರಕ್ಕೆ ಕಾಯಿಸಿದರೆ ಕೃತಕ ಗ್ರಾಫೈಟ್. ಉಕ್ಕಿನ ಕಾರ್ಖಾನೆಯ ಪಕ್ಕದಲ್ಲೇ ಟಾರು ಸಂಸ್ಕರಿಸುವ ಎಪ್ಸಿಲಾನ್ ಕಂಪನಿ 2020ರ ಸುಮಾರಿಗೆ ಬ್ಯಾಟರಿಯ ಆನೋಡ್ ಪುಡಿಗೆ ಕೈಹಾಕಿತು. 2030ರ ಹೊತ್ತಿಗೆ ವರ್ಷಕ್ಕೆ ಒಂದು ಲಕ್ಷ ಟನ್ ತಲುಪುವ ಗುರಿಯನ್ನೂ ಹೇಳಿತು. ನಮ್ಮ ಜಿಲ್ಲೆಯಲ್ಲಿ ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಬ್ಯಾಟರಿ ಎಂದರೆ ಬೆಂಗಳೂರು, ಹೊಸೂರು ಎಂದುಕೊಂಡಿದ್ದೇವೆ. ಡಾಂಬರಿನ ಅಣ್ಣತಮ್ಮನಂಥ ಕರಿ ಅಂಟೊಂದು ನಮ್ಮ ಬಯಲಿನಲ್ಲಿ ಬ್ಯಾಟರಿಯ ಪುಡಿಯಾಗುವ ದಾರಿ ಹಿಡಿದಿದೆ ಎಂದು ತಿಳಿದಾಗ ನನಗೆ ನಿಜಕ್ಕೂ ರೋಮಾಂಚನವಾಗಿತ್ತು.

ರೋಮಾಂಚನದ ಜೊತೆಗೇ ಒಂದು ಎಚ್ಚರವೂ ಬೇಕು. ಟಾರಿನಲ್ಲಿ ಕ್ಯಾನ್ಸರ್ ತರುವ ಅಂಶಗಳಿವೆ. 3,000 ಡಿಗ್ರಿಗೆ ಕಾಯಿಸುವ ಒಲೆ ವಿದ್ಯುತ್ತನ್ನು ನುಂಗುತ್ತದೆ. ಆ ವಿದ್ಯುತ್ತು ಎಲ್ಲಿಂದ? ಕುಡತಿನಿಯ ಬಳ್ಳಾರಿ ಉಷ್ಣ ಸ್ಥಾವರ 1,700 ಮೆಗಾವಾಟ್. ಶಕ್ತಿನಗರದ ರಾಯಚೂರು ಸ್ಥಾವರ 1,720. ಯರಮರಸ್ 1,600. ಮೂರೂ ಸೇರಿದರೆ 5,000 ದಾಟುತ್ತದೆ. ರಾಜ್ಯ ಸರ್ಕಾರದ ಕಲ್ಲಿದ್ದಲು ಸ್ಥಾವರಗಳೆಲ್ಲ ಇರುವುದು ಈ ಎರಡು ಜಿಲ್ಲೆಗಳಲ್ಲಿ. ಬೆಂಗಳೂರಿನ ರಸ್ತೆಯಲ್ಲಿ ಹೊಗೆಯಿಲ್ಲದೆ ಓಡುವ ಸ್ಕೂಟರಿನ ಚಾರ್ಜಿನಲ್ಲಿ ಶಕ್ತಿನಗರದ ಹಾರುಬೂದಿಯ ಪಾಲೂ ಇದೆ. ಹಾಗೆಂದು ಎಲೆಕ್ಟ್ರಿಕ್ ಗಾಡಿ ಬೇಡ ಎನ್ನುವವನು ನಾನಲ್ಲ. ಯಲಬುರ್ಗಾ, ಕುಕನೂರು ಕಡೆ ಹೋದರೆ ಜೋಳದ ಹೊಲಗಳ ನಡುವೆ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ಬ್ಯಾಟರಿಗಾಗಿ ಬರುವ ಕಾರ್ಖಾನೆ ಆ ಗಾಳಿಯ, ಬಿಸಿಲಿನ ವಿದ್ಯುತ್ತಿನಿಂದ ನಡೆಯಬೇಕು ಎಂದು ಒಪ್ಪಂದದಲ್ಲೇ ಬರೆಸಿಕೊಳ್ಳಬಹುದು. ಬೂದಿ ತಿಂದ ಜಿಲ್ಲೆಗೆ ಅಷ್ಟು ಕೇಳುವ ಹಕ್ಕಿದೆ.

ಸುತ್ತಮುತ್ತ ಏನಾಗುತ್ತಿದೆ ನೋಡಿ. 2021ರಲ್ಲಿ ಕೇಂದ್ರ ಸರ್ಕಾರ ದೇಶದೊಳಗೆ 50 ಗಿಗಾವಾಟ್ ಅವರ್ ಸೆಲ್ ತಯಾರಿಸಲು 18,100 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಂದು ಗಿಗಾವಾಟ್ ಅವರ್ ಎಂದರೆ 60 ಕಿಲೋವಾಟ್ ಅವರ್‌ನ ಸುಮಾರು 16,700 ಕಾರುಗಳಿಗೆ, ಇಲ್ಲವೇ ಮೂರು ಲಕ್ಷಕ್ಕೂ ಹೆಚ್ಚು ಸ್ಕೂಟರುಗಳಿಗೆ ಸಾಕಾಗುವ ಸೆಲ್ಲುಗಳು. ಓಲಾ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಹೋಯಿತು. ಎಕ್ಸೈಡ್ ದೇವನಹಳ್ಳಿ ಕಡೆ ಕಟ್ಟಿತು. ಅಮರ ರಾಜ ಕಂಪನಿ ತೆಲಂಗಾಣದ ಮಹಬೂಬ್‌ನಗರದ ಹತ್ತಿರ ದಿವಿಟಿಪಲ್ಲಿಯಲ್ಲಿ 16 ಗಿಗಾವಾಟ್ ಅವರ್‌ವರೆಗಿನ ಯೋಜನೆಗೆ 2023ರ ಮೇ ತಿಂಗಳಲ್ಲಿ ಶಂಕುಸ್ಥಾಪನೆ ಮಾಡಿತು. ರಾಯಚೂರಿನವರು ಕೃಷ್ಣಾ ಸೇತುವೆ ದಾಟಿದರೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದಾದ ದೂರ ಅದು. ತೋರಣಗಲ್ಲಿನಲ್ಲಿ ಉಕ್ಕು ಮಾಡುವ ಜೆಎಸ್‌ಡಬ್ಲ್ಯೂ ಬಳಗ ಕೂಡ ಎಲೆಕ್ಟ್ರಿಕ್ ಗಾಡಿ ಮತ್ತು ಬ್ಯಾಟರಿಗಾಗಿ 2024ರ ಫೆಬ್ರವರಿಯಲ್ಲಿ ಸಹಿ ಹಾಕಿದ್ದು ಒಡಿಶಾ ಸರ್ಕಾರದ ಜೊತೆ. ನಮ್ಮಿಂದ ಅದಿರು, ಟಾರು, ವಿದ್ಯುತ್ತು ಹೊರಗೆ ಹೋಗುತ್ತದೆ, ಸೆಲ್ಲು ಮಾತ್ರ ಬೇರೆ ಕಡೆ ಹುಟ್ಟುತ್ತದೆ.

ಇದಕ್ಕೆ ಹೊಟ್ಟೆಕಿಚ್ಚು ಪಟ್ಟು ಪ್ರಯೋಜನವಿಲ್ಲ. ಕಾರ್ಖಾನೆ ಬರುತ್ತದೆ ಎಂಬ ಮಾತಿಗೆ ನಮ್ಮವರು ಕೊಟ್ಟ ಬೆಲೆ ಎಂಥದ್ದು ಎಂದೂ ನೆನೆಯಬೇಕು. ವಿಜಯನಗರ ಉಕ್ಕಿನ ಕಾರ್ಖಾನೆಗೆ ಇಂದಿರಾ ಗಾಂಧಿ ಅಡಿಗಲ್ಲು ಇಟ್ಟಿದ್ದು 1971ರಲ್ಲಿ. ಆ ಸರ್ಕಾರಿ ಕಾರ್ಖಾನೆ ಮೇಲೇಳಲೇ ಇಲ್ಲ. ಅಲ್ಲಿ ಉಕ್ಕು ಕಾಣಲು 1990ರ ದಶಕ ಮುಗಿಯುವ ಹೊತ್ತಾಯಿತು, ಅದೂ ಖಾಸಗಿಯವರಿಂದ. ಒಂದು ತಲೆಮಾರು "ಫ್ಯಾಕ್ಟರಿ ಆಗ್ತೈತಿ, ನಮ್ ಹುಡುಗ್ರಿಗೆ ಕೆಲ್ಸ ಸಿಗ್ತೈತಿ" ಎಂದು ಕಾಯುತ್ತಲೇ ಮುದಿಯಾಯಿತು. ಕುಡತಿನಿ ಸುತ್ತಲಿನ ಹಳ್ಳಿಗಳಲ್ಲಿ 2010ರ ಹೊತ್ತಿಗೆ ದೊಡ್ಡ ಉಕ್ಕಿನ ಕಾರ್ಖಾನೆಗಳಿಗೆಂದು ಸಾವಿರಾರು ಎಕರೆ ಜಮೀನು ಸ್ವಾಧೀನವಾಯಿತು. ಕಾರ್ಖಾನೆ ಬರಲಿಲ್ಲ. ಹೊಲವೂ ಇಲ್ಲ, ಕೆಲಸವೂ ಇಲ್ಲ ಎಂದು ರೈತರು ವರ್ಷಗಟ್ಟಲೆ ಧರಣಿ ಕೂತರು. ಕೊಪ್ಪಳದಲ್ಲಿ 2025ರ ಫೆಬ್ರವರಿಯಲ್ಲಿ ಊರಿಗೆ ಅಂಟಿಕೊಂಡ ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು ಇಡೀ ನಗರ ಬೀದಿಗಿಳಿಯಿತು. ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿ ಜನರ ಜೊತೆ ನಡೆದು ಬಂದರು. ಅಭಿವೃದ್ಧಿಗೆ ಅಡ್ಡಗಾಲು ಎಂದು ಆ ಜನರನ್ನು ಕರೆಯುವವರು ಗಿಣಿಗೇರಿ, ಅಲ್ಲಾನಗರದ ಕಡೆ ಒಂದು ರಾತ್ರಿ ಉಳಿದು ಬೆಳಿಗ್ಗೆ ಅಂಗಳ ಗುಡಿಸಲಿ.

ಹಾಗಾಗಿ ನನ್ನ ಮೊದಲ ಬೇಡಿಕೆ ಜಮೀನಿನದು. ಸ್ವಾಧೀನವಾಗಿ ಖಾಲಿ ಬಿದ್ದಿರುವ ನೆಲ ಇರುವಾಗ ಹೊಸ ಎರೆಹೊಲವನ್ನು ಮುಟ್ಟಬಾರದು. ಖಾಲಿ ಬಿದ್ದ ನೆಲದ ರೈತರಿಗೆ ಸಲ್ಲಬೇಕಾದದ್ದು ಮೊದಲು ಸಲ್ಲಬೇಕು. ಸೆಲ್ಲಿನ ಕಾರ್ಖಾನೆಗೆ ಉಕ್ಕಿನ ಕಾರ್ಖಾನೆಯಷ್ಟು ಜಾಗ ಬೇಕಿಲ್ಲ. ಅದರ ಯಂತ್ರಗಳೆಲ್ಲ ಒಂದೇ ಸೂರಿನಡಿ ಹಿಡಿಯುತ್ತವೆ. ಯಾರಾದರೂ ಸಾವಿರಾರು ಎಕರೆ ಕೇಳಿದರೆ ಯಾತಕ್ಕೆ ಎಂದು ಕೇಳಲೇಬೇಕು.

ಕೆಲಸದ ವಿಷಯಕ್ಕೆ ಬಂದರೆ ನನಗೆ ಹೊಟ್ಟೆಯುರಿಯುತ್ತದೆ. ನಾನು ಪಾಠ ಹೇಳಿದ ಹುಡುಗರಲ್ಲಿ ಎಷ್ಟೋ ಜನ ದೊಡ್ಡ ಕಾರ್ಖಾನೆಗಳ ಗೇಟಿನೊಳಗೆ ಹೋದದ್ದು ಗುತ್ತಿಗೆದಾರನ ಪಾಸ್ ಹಿಡಿದು. ಡಿಪ್ಲೊಮಾ ಮುಗಿಸಿದವನು ಕೇಬಲ್ ಎಳೆಯುತ್ತಾನೆ, ಲೋಡಿಂಗ್ ಮಾಡುತ್ತಾನೆ. ಕಂಟ್ರೋಲ್ ರೂಮಿನಲ್ಲಿ ಕೂತವರು ಹೊರಗಿನವರು. ಸಂವಿಧಾನದ 371ಜೆ ವಿಧಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಸರ್ಕಾರಿ ಹುದ್ದೆ ಮತ್ತು ಶಿಕ್ಷಣದಲ್ಲಿ ಮೀಸಲು ಕೊಟ್ಟಿದೆ, ಖಾಸಗಿ ಕಾರ್ಖಾನೆಯ ಗೇಟಿನವರೆಗೆ ಅದರ ಕೈ ನಿಲುಕುವುದಿಲ್ಲ. ಬ್ಯಾಟರಿ ಕಾರ್ಖಾನೆಯಲ್ಲಿ ಯಂತ್ರವೇ ಹೆಚ್ಚು, ಕೈ ಕಡಿಮೆ. ಅಮೆರಿಕದ ನೆವಾಡಾ ರಾಜ್ಯ 2014ರಲ್ಲಿ ಟೆಸ್ಲಾ ಕಾರ್ಖಾನೆಗೆ ಸುಮಾರು 125 ಕೋಟಿ ಡಾಲರಿನ ತೆರಿಗೆ ರಿಯಾಯಿತಿ ಕೊಟ್ಟಾಗ ಪ್ರತಿಯಾಗಿ ಸಿಕ್ಕ ಭರವಸೆ 6,500 ಉದ್ಯೋಗಗಳದು. ನೆವಾಡಾ ಕೂಡ ನಮ್ಮಂತೆ ಗಣಿಗಳ ನಾಡು, ಮಳೆ ಕಡಿಮೆಯಾದ ನಾಡು.

ಕೈ ಕಡಿಮೆಯಾದರೆ ಒಂದೊಂದು ಕೈಗೂ ಕಲಿತಿರಬೇಕಾದ್ದು ಹೆಚ್ಚು. ಕಲಕಿನ ಹದ ನೋಡುವವರು, ಬಳಿದ ಪದರದ ದಪ್ಪವನ್ನು ಮೈಕ್ರಾನಿನಲ್ಲಿ ಕಾಯುವವರು, ಫಾರ್ಮೇಷನ್ ಕಪಾಟುಗಳ ದತ್ತಾಂಶ ಓದುವವರು, ಒಣಕೋಣೆಯ ಯಂತ್ರ ಸಂಭಾಳಿಸುವವರು ಬೇಕು. ಇದನ್ನೆಲ್ಲ ನಮ್ಮ ಮಕ್ಕಳು ಕಲಿಯಬಲ್ಲರು. ಬಳ್ಳಾರಿಯ ಜೀನ್ಸ್ ಹೊಲಿಯುವ ಮನೆಗಳ ಹೆಣ್ಣುಮಕ್ಕಳ ಕೈಯಲ್ಲಿರುವ ನಿಖರತೆಯನ್ನು ನಾನು ಬಲ್ಲೆ. ಆದರೆ ನಮ್ಮ ಪ್ರಯೋಗಾಲಯಗಳಲ್ಲಿ ಇನ್ನೂ ಸೀಸದ ಬ್ಯಾಟರಿಗೆ ಬಟ್ಟಿ ಇಳಿಸಿದ ನೀರು ಹಾಕುವುದನ್ನೇ ಹೇಳಿಕೊಡುತ್ತಿದ್ದೇವೆ. ಕಾರ್ಖಾನೆಗೆ ರಿಯಾಯಿತಿ ಕೊಡುವ ಹಣದಲ್ಲಿ ಒಂದು ಚೂರು ತೆಗೆದು ಬಳ್ಳಾರಿ, ಕೊಪ್ಪಳ, ರಾಯಚೂರಿನ ಐಟಿಐ ಮತ್ತು ಪಾಲಿಟೆಕ್ನಿಕ್‌ಗಳಲ್ಲಿ ಒಂದೊಂದು ಸಣ್ಣ ಸೆಲ್ ಪ್ರಯೋಗಾಲಯ ಕಟ್ಟಿದರೆ, ಕಟ್ಟಡ ಏಳುವ ಹೊತ್ತಿಗೆ ಅದರೊಳಗೆ ನಿಲ್ಲುವ ಜನವೂ ಸಿದ್ಧವಾಗಿರುತ್ತಾರೆ. ತರಬೇತಿ ಆಮೇಲೆ ಎಂದರೆ, ಆ ಹೊತ್ತಿಗೆ ಜಾಗಗಳೆಲ್ಲ ತುಂಬಿರುತ್ತವೆ.

ಗುತ್ತಿಗೆ ಕೆಲಸದ ಬಗ್ಗೆ ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. 2024ರ ಜೂನ್ 24ರಂದು ದಕ್ಷಿಣ ಕೊರಿಯಾದ ಹ್ವಾಸಾಂಗ್ ನಗರದಲ್ಲಿ ಅರಿಸೆಲ್ ಎಂಬ ಲಿಥಿಯಂ ಬ್ಯಾಟರಿ ಕಾರ್ಖಾನೆಗೆ ಬೆಂಕಿ ಬಿತ್ತು. 23 ಜನ ಸತ್ತರು. ಅವರಲ್ಲಿ 18 ಜನ ಹೊರದೇಶದಿಂದ ಬಂದ ಕೆಲಸಗಾರರು, ಹೆಚ್ಚಿನವರು ಕಾರ್ಮಿಕರನ್ನು ಪೂರೈಸುವವರ ಮೂಲಕ ಬಂದವರು. ಅಲ್ಲಿ ತಯಾರಾಗುತ್ತಿದ್ದದ್ದು ಗಾಡಿಯ ಬ್ಯಾಟರಿಯಲ್ಲ, ಒಂದೇ ಸಲ ಬಳಸುವ ಲಿಥಿಯಂ ಸೆಲ್ಲು. ಆದರೆ ಒಂದು ಸೆಲ್ಲು ಹೊತ್ತಿಕೊಂಡರೆ ಪಕ್ಕದ್ದಕ್ಕೆ ಹಬ್ಬುವುದು ಎರಡರಲ್ಲೂ ಕ್ಷಣದ ಕೆಲಸ. ಅಂಥ ಹೊತ್ತಿನಲ್ಲಿ ಯಾವ ಬಾಗಿಲು ಎಲ್ಲಿಗೆ ತೆರೆಯುತ್ತದೆ ಎಂದು ಗೊತ್ತಿರುವವನು ಬದುಕುತ್ತಾನೆ. ಇವತ್ತು ಒಂದು ಶೆಡ್ಡು, ನಾಳೆ ಇನ್ನೊಂದು ಶೆಡ್ಡು ಎಂದು ಕಳಿಸುವ ಗುತ್ತಿಗೆ ಹುಡುಗನಿಗೆ ಅದು ಗೊತ್ತಿರುವುದಿಲ್ಲ. ಬ್ಯಾಟರಿ ಕಾರ್ಖಾನೆಯಲ್ಲಿ ಕಾಯಂ ಕೆಲಸ ಎಂಬುದು ಸಂಬಳದ ಪ್ರಶ್ನೆ ಮಾತ್ರವಲ್ಲ, ಪ್ರಾಣದ ಪ್ರಶ್ನೆ. ಎಚ್ಚರಿಕೆಯ ಫಲಕಗಳು, ಕವಾಯತು, ತರಬೇತಿ ಎಲ್ಲವೂ ಕನ್ನಡದಲ್ಲಿರಬೇಕು. ಗಡಿಯ ಊರುಗಳಿಗೆ ತೆಲುಗಿನಲ್ಲೂ ಇರಲಿ. ಜಿಲ್ಲಾ ಅಗ್ನಿಶಾಮಕ ದಳದವರಿಗೆ ಲಿಥಿಯಂ ಬೆಂಕಿಯ ಅಭ್ಯಾಸ ಮೊದಲೇ ಆಗಬೇಕು.

ನೀರಿನ ಮಾತು ನಮ್ಮಲ್ಲಿ ಎತ್ತಿದರೆ ಬೇಗ ಮುಗಿಯುವುದಿಲ್ಲ. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ಅಡಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಗಂಗಾವತಿಯಿಂದ ರಾಯಚೂರಿನವರೆಗೆ ಭತ್ತದ ರೈತರು ನಿದ್ದೆಗೆಟ್ಟದ್ದನ್ನು ಕಂಡವರು ನಾವು. ಎಡದಂಡೆ ಕಾಲುವೆಯ ಕೊನೆಭಾಗದವರು, ಮಾನ್ವಿ, ಸಿರವಾರ ಕಡೆಯವರು, ತುಂಬಿದ ವರ್ಷದಲ್ಲೂ ನೀರಿಗಾಗಿ ರಸ್ತೆಗಿಳಿಯುತ್ತಾರೆ. ಸೆಲ್ಲಿನ ಕಾರ್ಖಾನೆ ಉಕ್ಕಿನಷ್ಟು ನೀರು ಕುಡಿಯುವುದಿಲ್ಲ. ಆದರೂ ತಂಪುಗೋಪುರಗಳಿಗೆ ಬೇಕು, ಕ್ಯಾಥೋಡ್ ಪುಡಿಯ ರಾಸಾಯನಿಕ ಕೆಲಸಕ್ಕೆ ಬೇಕು. ಬಳಸಿದ ನೀರಿನಲ್ಲಿ ಲವಣಗಳಿರುತ್ತವೆ. ಬಳ್ಳಾರಿ, ಹೊಸಪೇಟೆಯ ಚರಂಡಿ ನೀರನ್ನು ಶುದ್ಧ ಮಾಡಿ ಅದನ್ನೇ ಕೊಡಿ, ಒಳಗೇ ಮತ್ತೆ ಮತ್ತೆ ಬಳಸಲಿ, ಹಳ್ಳಕ್ಕೆ ಒಂದು ಹನಿಯೂ ಬಿಡದಿರಲಿ. ಗಾಳಿಯಿಂದ ತೇವವನ್ನು ಗ್ರಾಂ ಲೆಕ್ಕದಲ್ಲಿ ಹೀರಿ ತೆಗೆಯುವವರಿಗೆ ನೀರಿನ ಲೆಕ್ಕ ಕಷ್ಟವಾಗಲಾರದು.

ಬ್ಯಾಟರಿ ಸತ್ತ ಮೇಲೆ ಏನು ಎಂಬುದಕ್ಕೆ 2022ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಿವೆ. ತಯಾರಿಸಿದವರೇ ಹಿಂದಕ್ಕೆ ಪಡೆದು ಮರುಬಳಕೆಗೆ ಒಪ್ಪಿಸಬೇಕು. ನಿಯಮ ಒಳ್ಳೆಯದು. ಹಳೆಯ ಸೀಸದ ಬ್ಯಾಟರಿಗಳು ನಮ್ಮ ಗುಜರಿ ಅಂಗಡಿಗಳ ಹಿತ್ತಲಲ್ಲಿ ಹೇಗೆ ಒಡೆಯಲ್ಪಡುತ್ತವೆ ಎಂಬುದನ್ನು ನೋಡಿದವರು ನಿಯಮವನ್ನಷ್ಟೇ ನಂಬಿ ಕೂರುವುದಿಲ್ಲ.

ಮತ್ತೆ ಗಾಳಿಗೇ ಬರುತ್ತೇನೆ, ಏಕೆಂದರೆ ಇದರಲ್ಲಿ ನಾವು ಈಗಲೇ ಮಾಡಬಹುದಾದ ಕೆಲಸ ಒಂದಿದೆ. ನಮ್ಮ ದೇಶದ ಮಾನದಂಡದ ಪ್ರಕಾರ 2.5 ಮೈಕ್ರಾನಿಗಿಂತ ಸಣ್ಣ ಧೂಳು ದಿನದ ಸರಾಸರಿಯಲ್ಲಿ ಒಂದು ಘನ ಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು, 10 ಮೈಕ್ರಾನಿನವರೆಗಿನದು 100 ಮೀರಬಾರದು. ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆದಾಗ ಮೂವತ್ತು ದಿನ ಮೊದಲು ನೋಟಿಸು ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಸಭೆಯನ್ನು ವಿಡಿಯೊ ಮಾಡಬೇಕು. ಆ ವರದಿಗಳಲ್ಲಿ ಈಗಿರುವ ಗಾಳಿ ಹೀಗಿದೆ ಎಂದು ಒಂದು ಅಧ್ಯಾಯ ಇರುತ್ತದೆ. ಆ ಅಂಕಿಗಳನ್ನು ತರುವುದು ಯೋಜನೆಯವರು ನೇಮಿಸಿದ ಸಂಸ್ಥೆ. ಅದನ್ನು ಎದುರಿಟ್ಟು ನೋಡಲು ನಮ್ಮ ಕೈಯಲ್ಲಿ ನಮ್ಮದೇ ಅಂಕಿಗಳು ಇರುವುದಿಲ್ಲ. "ಧೂಳು ಭಾಳ ಐತ್ರಿ" ಎಂದು ಮೈಕಿನ ಮುಂದೆ ಹೇಳಿ ಕೂರುತ್ತೇವೆ. ಎಷ್ಟು ಎಂದು ಕೇಳಿದರೆ ಉತ್ತರವಿಲ್ಲ.

ಹಾಗಾಗಿ ಈ ಸೆಮಿಸ್ಟರಿನ ಪ್ರಾಜೆಕ್ಟಿಗೆ ನನ್ನ ವಿದ್ಯಾರ್ಥಿಗಳು ಧೂಳು ಅಳೆಯುವ ಸಣ್ಣ ಲೇಸರ್ ಸೆನ್ಸರುಗಳನ್ನು ಜೋಡಿಸುತ್ತಿದ್ದಾರೆ. ಇವು ದಪ್ಪ ಧೂಳನ್ನು ಕಡಿಮೆ ತೋರಿಸುತ್ತವೆ. ಅದಕ್ಕೆ ತೂಕ ಮಾಡಿದ ಫಿಲ್ಟರ್ ಕಾಗದವನ್ನೂ ಪಕ್ಕದಲ್ಲಿ ಇಡುತ್ತೇವೆ. ಶಾಲೆಯ ಜಗಲಿ, ಬಸ್ ನಿಲ್ದಾಣ, ಲಾರಿ ದಾರಿ, ಅಂಗನವಾಡಿ, ಇಷ್ಟು ಕಡೆ ಒಂದು ವರ್ಷ ಪೂರ್ತಿ ಅಳೆಯಬೇಕೆಂದಿದ್ದೇವೆ. ಮಳೆಗಾಲ, ಸುಗ್ಗಿ, ಬೇಸಿಗೆ ಮೂರೂ ಅದರಲ್ಲಿ ಬರಬೇಕು. ಅಂಕಿಗಳನ್ನು ಯಾರು ಕೇಳಿದರೂ ಕೊಡುತ್ತೇವೆ, ಕಂಪನಿಯವರು ಕೇಳಿದರೂ ಕೊಡುತ್ತೇವೆ. ಕುಡತಿನಿ, ಗಿಣಿಗೇರಿ, ಶಕ್ತಿನಗರ, ದೇವಸೂಗೂರು ಕಡೆ ಮನೆಯ ಮಾಳಿಗೆಯಲ್ಲಿ ಒಂದು ಪ್ಲಗ್ ಮತ್ತು ನೆರಳಿರುವ ಒಂದು ಗೋಡೆ ಇರುವವರು ಮುಂದೆ ಬಂದರೆ ಅಲ್ಲಿಗೂ ಒಂದೊಂದು ಪೆಟ್ಟಿಗೆ ಕಟ್ಟಿಕೊಡುತ್ತೇವೆ. ವಾರಕ್ಕೊಮ್ಮೆ ಒದ್ದೆಯಿಲ್ಲದ ಬಟ್ಟೆಯಿಂದ ಅದರ ಬಾಯಿ ಒರೆಸಬೇಕು, ಕರೆಂಟ್ ಹೋದ ಹೊತ್ತನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಅಷ್ಟು ಮಾಡಿದರೆ ಸಾಕು.